ಬಾನೆಟ್ ಒಳಗಿನ ಕಾವು, ಹೆಡರ್ಸ್‌ಗೆ ಪಟ್ಟಿ: ಪದೇ ಪದೇ ಕೇಳೂ ಪ್ರಶ್ನೆಗಳು

ಮಾರ್ಚ್ ಬಂತಂದ್ರ ಸಾಕು, ಎಂಜಿನ್ನಿನ ಬಿಸಿ ಎಕ್ಸಾಸ್ಟ್ ಪೈಪಿಗೆ ಕಾವು ತಡಿಯೂ ಎಳಿ ಪಟ್ಟಿ ಸುತ್ತಬೇಕೋ ಬ್ಯಾಡೋ ಅನ್ನೂ ಮಾತು ಶುರು ಆಗ್ತೈತಿ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಗ್ಯಾರೇಜಿನ ಮುಂದ ಚಾ ಕುಡ್ಕೋತ ನಿಂತಾಗ ಕೇಳಿದ್ದು, ಗದಗ-ಹಾವೇರಿ ಕಡಿಂದ ಗೆಳ್ಯಾರು ವಾಯ್ಸ್ ಮೆಸೇಜ್ ಕಳಿಸಿ ಕೇಳಿದ್ದು, ಎಲ್ಲಾ ಇಲ್ಲೆ ಕೂಡಿಸಿ ಬರ್ದೀನಿ, ಪ್ರಶ್ನಿ ಅವರು ಕೇಳಿದ ಹಂಗ ಇಟ್ಟೀನಿ. ನಾನು ಕಸಬಿನಿಂದ ಮೆಕ್ಯಾನಿಕ್ ಅಲ್ಲ, ಒಂದು ಹಳೇ ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರಸೂ ಭಾಗ) ಕಾರ್ ಇಟ್ಕೊಂಡು, ಅದಕ್ಕ ನನ್ನ ಕೈಯಾರೆ ಎರಡು ಸಲ ಪಟ್ಟಿ ಸುತ್ತಿ ಒಂದು ಸಲ ಬಿಚ್ಚಿ ಒಗದು ಕಲ್ತಿದ್ದು ಇದು.

## ಶುರುವಿನವು

ಹೆಡರ್ಸ್ ಅಂದ್ರ ಯಾವುದ್ರಿ? ಸೈಲೆನ್ಸರ್ ಅಂತಾರಲ್ಲ, ಅದ ಏನು?

ಅಲ್ರಿ. ಸೈಲೆನ್ಸರ್ ಹಿಂದಿನ ಡಬ್ಬಿ, ಸಪ್ಪಳ ಕಡಿಮಿ ಮಾಡೂದು. ಎಂಜಿನ್ ಹೆಡ್‌ಗೆ ಬೋಲ್ಟ್ ಆಗಿ, ಒಂದೊಂದು ಸಿಲಿಂಡರಿನ ಸುಟ್ಟ ಗ್ಯಾಸ್ ತಗೊಂಡು ಒಂದ ಪೈಪಿಗೆ ಕೂಡಿಸೂ ಭಾಗಕ್ಕ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂತಾರ. ಹಳೇ ಗಾಡ್ಯಾಗ ಕಂಪನಿಯಿಂದ ಬಂದದ್ದು ಬಹಳ ಮಾಡಿ ಬೀಡಿನದು, ಅಂದ್ರ ಎರಕದ ಕಬ್ಬಿಣದ್ದು, ಗಿಡ್ಡ, ದಪ್ಪ. ಅದನ್ನ ತಗದು ಪ್ರತಿ ಸಿಲಿಂಡರಿಗೆ ಬ್ಯಾರೆ ಬ್ಯಾರೆ ಉದ್ದನ ಸ್ಟೀಲ್ ಪೈಪ್ ಬಗ್ಗಿಸಿ ಹಾಕಿದ್ರ ಅದು ಹೆಡರ್ಸ್. ಪೈಪಿನ ಗೋಡಿ ತೆಳ್ಳಗ, ಮೈ ದೊಡ್ಡದು, ಹಂಗಾಗಿ ಬೀಡಿಗಿಂತ ಹೆಚ್ಚು ಕಾವು ಬಾನೆಟ್ ಒಳಗ ಬಿಡ್ತೈತಿ. ಪೆಟ್ರೋಲ್ ಎಂಜಿನ್ ಪೂರಾ ಲೋಡ್‌ನ್ಯಾಗ ಇದ್ದಾಗ ಒಳಗಿನ ಗ್ಯಾಸ್ 800-900 ಡಿಗ್ರಿ ತನಕ ಹೋಗ್ತೈತಿ. ರಾತ್ರಿ ಘಾಟ್ ಏರಿ ಬಂದು ಲಗೂನ ಬಾನೆಟ್ ಎತ್ತಿ ನೋಡ್ರಿ, ಕೆಲವು ಗಾಡ್ಯಾಗ ಪೈಪ್ ಕೆಂಪಗ ಕಾಣಿಸ್ತೈತಿ.

ಪಟ್ಟಿ ಸುತ್ತಿದ್ರ ಎಂಜಿನ್ ಹೀಟ್ ಆಗೂದು ನಿಲ್ತೈತೇನ್ ಅಣ್ಣಾ? ನಂದು ಮುಳ್ಳು ಮ್ಯಾಲೆ ಹೋಗಾಕತ್ತೈತಿ

ಇಲ್ಲ. ಎಲ್ಲಾರೂ ಕೇಳೂ ಪ್ರಶ್ನಿ ಇದ, ಎಲ್ಲಾರೂ ರೊಕ್ಕ ಕಳಕೊಳ್ಳೂದೂ ಇಲ್ಲೆ. ಟೆಂಪರೇಚರ್ ಮುಳ್ಳು ತೋರಿಸೂದು ಕೂಲೆಂಟಿನ, ಅಂದ್ರ ಎಂಜಿನ್ ತಂಪು ಮಾಡೂ ನೀರಿನ ಕಾವು. ಸುಟ್ಟ ಪೆಟ್ರೋಲಿನ ಶಕ್ತಿಯೊಳಗ ಹೆಚ್ಚು ಕಡಿಮಿ ಮೂರನೇ ಒಂದು ಪಾಲು ಎಕ್ಸಾಸ್ಟ್ ಹಾದಿಗೆ ಹೋಗ್ತೈತಿ, ಹತ್ತಿರ ಹತ್ತಿರ ಅಷ್ಟ ಕೂಲೆಂಟಿಗೆ, ಉಳದದ್ದು ಗಾಡಿ ಎಳ್ಯಾಕ. ಪಟ್ಟಿ ಕೆಲಸ ಮಾಡೂದು ಎಕ್ಸಾಸ್ಟ್ ಪಾಲಿನ ಮ್ಯಾಲೆ, ಅದೂ ಪೈಪಿನ ಹೊರಗ ಚೆಲ್ಲೂ ಕಾವಿನ ಮ್ಯಾಲೆ ಮಾತ್ರ. ಮುಳ್ಳು ಏರಾಕತ್ತೈತಿ ಅಂದ್ರ ಮೊದಲು ರೇಡಿಯೇಟರ್ ಫ್ಯಾನ್ ತಿರಗತೈತೇನು, ಕೂಲೆಂಟಿಗೆ ಹಾದಿ ಬಿಡೂ ಥರ್ಮೊಸ್ಟ್ಯಾಟ್ ತೆರೀತೈತೇನು, ಕ್ಯಾಪಿನ ರಬ್ಬರ್ ಹೋಗೈತೇನು, ಕೂಲೆಂಟ್ ಎಲ್ಲರೆ ಸೋರತೈತೇನು ನೋಡ್ರಿ. ರೇಡಿಯೇಟರ್ ಜಾಳಿಗಿಯೊಳಗ ಎರಿ ಮಣ್ಣು, ಹುಳಾ ತುಂಬಿಕೊಂಡು ಗಾಳಿ ಹಾಯಲಾರದ ಹಂಗ ಆಗಿದ್ದನ್ನ ನಾನು ಭಾಳ ಗಾಡ್ಯಾಗ ನೋಡೀನಿ, ಹಿಂದಿನಿಂದ ಸಾವಕಾಶ ನೀರ ಹೊಡದು ತೊಳದ ಮ್ಯಾಲೆ ಮುಳ್ಳು ತಾನ ಕೆಳಗ ಬಂತು.

ಹಂಗಾದ್ರ ಲಾಭ ಏನ್ರಿ ಇದರಿಂದ?

ಪೈಪಿನ ಸುತ್ತಮುತ್ತ ಇರೂ ಸಾಮಾನು ಉಳಿತಾವ. ಪೆಟ್ರೋಲ್ ಲೈನು, ರಬ್ಬರ್ ಹೋಸು, ವೈರಿಂಗು, ಬ್ಯಾಟ್ರಿ, ಬ್ರೇಕ್ ಆಯಿಲ್ ಡಬ್ಬಿ, ಎಂಜಿನ್ ಉಸರಾಡೂ ಗಾಳಿ, ಕಾಲಿನ ಹತ್ತಿರದ ತಗಡು. ಸಾದಾ ವೈರಿನ ಪ್ಲಾಸ್ಟಿಕ್ 70ರಿಂದ 105 ಡಿಗ್ರಿ ತನಕ ತಡೀತೈತಿ, ಅದರ ಒಂದು ಗೇಣು ಬಾಜೂಕ 500 ಡಿಗ್ರಿ ಪೈಪ್ ಇದ್ರ ಎರಡ್ಮೂರು ವರ್ಷದಾಗ ವೈರು ಒಣಗಿದ ಹಪ್ಪಳದ ಹಂಗ ಮುರೀತೈತಿ.

ನನ್ನ ಗಾಡಿದು ಹೇಳ್ತೀನಿ. ಏಪ್ರಿಲ್‌ದಾಗ ಯಲ್ಲಾಪುರ ಕಡಿಂದ ಹೊಳ್ಳಿ ಬರಾಕತ್ತಿದ್ದೆ, ಕಲಘಟಗಿಯೊಳಗ ಚಾ ಕುಡ್ಯಾಕ ಹತ್ತು ನಿಮಿಷ ನಿಲ್ಲಿಸಿದ್ರ ಗಾಡಿ ಹೊಳ್ಳಿ ಚಾಲೂ ಆಗವಲ್ದು. ಬಾನೆಟ್ ಎತ್ತಿ ಏರ್ ಫಿಲ್ಟರ್ ಮುಚ್ಚಳ ತಗದ್ರ ಕಾರ್ಬುರೇಟರ್ ಒಳಗ ಕುದಿಯೂ ಸಪ್ಪಳ ಕೇಳಿಸ್ತು, ಮೂಗಿಗೆ ಪೆಟ್ರೋಲ್ ಘಮ್ ಅಂತ ಬಡೀತು. ಪೆಟ್ರೋಲಿನ ಹಗುರ ಭಾಗ 35-40 ಡಿಗ್ರಿಗೆ ಕುದ್ಯಾಕ ಶುರು ಮಾಡ್ತೈತಿ, ಗಾಡಿ ನಿಂತ ಕೂಡ್ಲೆ ಗಾಳಿ ನಿಲ್ತೈತಿ, ಕೆಳಗಿನ ಪೈಪಿನ ಕಾವೆಲ್ಲಾ ಸೀದಾ ಮ್ಯಾಲೆ ಏರ್ತೈತಿ. ಆಮ್ಯಾಲೆ ಪೈಪಿಗೆ ಪಟ್ಟಿ ಸುತ್ತಿ, ಕಾರ್ಬುರೇಟರ್ ಕೆಳಗ ಕಾವು ಏರದಂಗ ತಡಿಯೂ ದಪ್ಪ ಪ್ಯಾಕಿಂಗ್ ಹಾಕಿದೆ. ಅವತ್ತಿನಿಂದ ಇವತ್ತಿನ ತನಕ ಚಾ ಕುಡದು ಬಂದು ಚಾವಿ ತಿರುವಿದ್ರ ಒಂದ ಸೆಲ್ಫ್ ಸ್ಟಾರ್ಟಿಗೆ ಚಾಲೂ.

ನಮ್ಮ ಕಡೆ ಬಿಸಲು ಭಾಳ, ಎಲ್ಲಾ ಗಾಡಿಗೂ ಬೇಕಾಗ್ತೈತಲ್ಲಾ?

ಬಿಸಲು ಇದರಾಗ ಸಣ್ಣ ಪಾಲು. ಹೊರಗ 38 ಡಿಗ್ರಿ ಇದ್ರೂ ಅಷ್ಟ, 28 ಇದ್ರೂ ಅಷ್ಟ, ಪೈಪ್ 500ರ ಮ್ಯಾಲೆ ಇರ್ತೈತಿ. ತ್ರಾಸ ಕೊಡೂದು ಗಾಳಿ ಇಲ್ಲದ ಹೊತ್ತು. ಹೈವೇದಾಗ 80ಕ್ಕ ಹೊಂಟಾಗ ಗಾಳಿ ಕಾವು ಹೊತ್ಕೊಂಡು ಹೋಗ್ತೈತಿ, ಚನ್ನಮ್ಮ ಸರ್ಕಲ್‌ದಾಗ ಸಿಕ್ಕೊಂಡಾಗ ಕಾವು ಒಳಗ ಕುಂದರ್ತೈತಿ. ಕಂಪನಿ ಫಿಟ್ಟಿಂಗ್ ಹಂಗ ಇದ್ದು, ಹೀಟ್ ಶೀಲ್ಡ್ ತಗಡು ಜಾಗಾದಾಗ ಇದ್ದ ಗಾಡಿಗೆ ಏನೂ ಬ್ಯಾಡ್ರಿ. ಹೆಡರ್ಸ್ ಹಾಕಿಸಿದ್ರ, ಎಂಜಿನ್ ಬದಲಿ ಮಾಡಿದ್ರ, ಹಳೇ ಕಾರ್ಬುರೇಟರ್ ಗಾಡಿ ಇದ್ರ, ಆವಾಗ ಯೋಚನಿ ಮಾಡ್ರಿ.

## ಯಾವುದು ತಗೋಬೇಕು

ಪಟ್ಟಿ, ಕೋಟಿಂಗ್, ತಗಡಿನ ಶೀಲ್ಡ್, ಮೂರರಾಗ ಯಾವುದು ಚಲೋ?

ನನ್ನ ಮಾತು ಕೇಳೂದಾದ್ರ ಮೊದಲು ತಗಡು. ಯಾಕಂದ್ರ ಕಾವು ಪೈಪಿನಿಂದ ಬಾಜೂದ ಸಾಮಾನಿಗೆ ಹೋಗೂದು ಹೆಚ್ಚಾಗಿ ಕಿರಣದ ಹಂಗ, ಒಲಿ ಮುಂದ ಕುಂತಾಗ ಗಾಳಿ ಬೀಸದಿದ್ರೂ ಮಾರಿ ಸುಡ್ತೈತಲ್ಲ ಹಂಗ. ಈ ಕಿರಣದ ಕಾವು ಟೆಂಪರೇಚರ್ ಏರಿದಂಗ ಸೀದಾ ಲೆಕ್ಕದಾಗ ಏರೂದಿಲ್ಲ, ಕೆಲ್ವಿನ್ ಲೆಕ್ಕದ ನಾಕನೇ ಘಾತದಾಗ ಏರ್ತೈತಿ. 600 ಡಿಗ್ರಿ ಮೈಯನ್ನ 300ಕ್ಕ ಇಳಿಸಿದ್ರ ಅರ್ಧ ಆಗೂದಿಲ್ಲ, ಐದನೇ ಒಂದು ಪಾಲಿಗಿಂತ ಕಡಿಮಿ ಆಗ್ತೈತಿ. ಪೈಪಿಗೆ ತಾಗದಂಗ ನಡಕ ಅರ್ಧ ಇಂಚು ಗಾಳಿ ಬಿಟ್ಟು ಒಂದು ಹೊಳೆಯೂ ತಗಡು ನಿಲ್ಲಿಸಿದ್ರ ಅದು ಆ ಕಿರಣವನ್ನ ಹೊಳ್ಳಿ ಕಳಸ್ತೈತಿ, ಪೈಪಿಗೆ ಏನೂ ತ್ರಾಸ ಇಲ್ಲ, ನೀರ ಹಿಡಿಯೂದಿಲ್ಲ, ಬೇಕಾದಾಗ ಬಿಚ್ಚಬಹುದು. ಹಳೇ ಗಾಡ್ಯಾಗ ಈ ಶೀಲ್ಡ್ ಗಡಗಡ ಸಪ್ಪಳ ಮಾಡ್ತೈತಿ ಅಂತ ಬಿಚ್ಚಿ ಗ್ಯಾರೇಜಿನ ಮೂಲ್ಯಾಗ ಒಗದಿರ್ತಾರ, ಅದನ್ನ ಹುಡುಕಿ ತಂದು ಹೊಸಾ ಬೋಲ್ಟ್, ದೊಡ್ಡ ವಾಷರ್ ಹಾಕಿ ಕುಂದ್ರಿಸಿದ್ರ ಎಷ್ಟೋ ಮಂದಿ ತಕರಾರು ಅಲ್ಲೇ ಮುಗೀತೈತಿ.

ಸೆರಾಮಿಕ್ ಕೋಟಿಂಗ್ ಬಾಳಿಕಿಯೊಳಗ ಮ್ಯಾಲು. ಪೈಪ್ ಬಿಚ್ಚಿ, ಉಸುಕು ಹೊಡದು ಸ್ವಚ್ಛ ಮಾಡಿ, ಒಳಗ ಹೊರಗ ಬಡದು, ಭಟ್ಟಿಯೊಳಗ ಬೇಯಿಸಬೇಕು. ತುಟ್ಟಿ, ಆದ್ರ ತುಕ್ಕನ್ನೂ ತಡೀತೈತಿ. ಅಂಗಡ್ಯಾಗ ಸಿಗೂ ಹೈ ಟೆಂಪರೇಚರ್ ಸ್ಪ್ರೇ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಆ ಬಣ್ಣ ಕಾವಿಗೆ ಸುಡದಂಗ ಉಳಿತೈತಿ ಅಷ್ಟ, ಕಾವು ಹೊರಗ ಬರೂದನ್ನ ತಡಿಯೂದಿಲ್ಲ.

ಪಟ್ಟಿ ಅಗ್ಗ, ಮನ್ಯಾಗ ಸುತ್ತಬಹುದು, ಕಾವು ಲಗೂನ ಕಡಿಮಿ ಮಾಡ್ತೈತಿ, ಆದ್ರ ಪೈಪಿನ ಆಯುಷ್ಯ ತಿಂತೈತಿ. ಆ ಮಾತು ಮುಂದ ಐತಿ.

ಟೈಟಾನಿಯಂ ಪಟ್ಟಿ ಅಂತ ಕೊಡ್ತಾರ, ಅದರಾಗ ಖರೇನ ಟೈಟಾನಿಯಂ ಇರ್ತೈತೇನು?

ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಸಾಮಾನ್ಯವಾಗಿ ಅದು ಲಾವಾ ಕಲ್ಲು, ಅಂದ್ರ ಬಸಾಲ್ಟ್ ಕರಗಿಸಿ ತಗದ ಎಳಿ. ಬಿಳಿ, ಕಂದು, ಕರಿ ಬಣ್ಣದ್ದು ಗ್ಲಾಸ್ ಫೈಬರ್. ಗ್ಲಾಸ್ ಫೈಬರ್‌ದ್ದು 550-650 ಡಿಗ್ರಿ ತನಕ ಬೇಫಿಕರ್, ಲಾವಾದ್ದು ಅದಕ್ಕಿಂತ ಗಟ್ಟಿ, ಪ್ಯಾಕೆಟ್ ಮ್ಯಾಲೆ 980 ಡಿಗ್ರಿ ಹತ್ತಿರದ ನಂಬರ್ ಬರ್ದಿರ್ತಾರ. ದಿನಾ ಓಡಿಸೂ ಪೆಟ್ರೋಲ್ ಗಾಡಿಗೆ ಲಾವಾದ್ದು ತಗೋರಿ, ಅದು ಸುತ್ತೂಮುಂದ ಮೆತ್ತಗ ಬಾಗ್ತೈತಿ, ತುರಿಕೀನೂ ಕಡಿಮಿ.

ಹಾರ್ಡ್‌ವೇರ್ ಅಂಗಡ್ಯಾಗ ಆಸ್ಬೆಸ್ಟಾಸ್ ದೋರಿ ಸಿಗ್ತೈತಿ, ಇಲ್ಲಾ ಅಡಗಿಮನಿ ಫಾಯಿಲ್ ಸುತ್ತಿದ್ರ ನಡೀತೈತಲ್ಲ?

ಆಸ್ಬೆಸ್ಟಾಸ್ ಮುಟ್ಟಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಅದರ ಕಣ್ಣಿಗೆ ಕಾಣದ ಎಳಿ ಉಸರಿನ ಜೋಡಿ ಒಳಗ ಹೋದ್ರ ಹೊರಗ ಬರೂದಿಲ್ಲ, ಇಪ್ಪತ್ತು ಮೂವತ್ತು ವರ್ಷದ ಮ್ಯಾಲೆ ಪುಪ್ಪಸದ ಕ್ಯಾನ್ಸರ್ ಆಗಿ ಕಾಣಿಸ್ಕೋತೈತಿ. ಬಾನೆಟ್ ಒಳಗ ಅಲುಗಾಟಕ್ಕ ಪುಡಿ ಆಗಿ ಹಾರೂ ವಸ್ತು ಅದು, ಆ ಗಾಡಿಗೆ ಮುಂದ ಕೈ ಹಚ್ಚೂ ಮಿಸ್ತ್ರಿಗೂ ಅದ ಗತಿ. ಫಾಯಿಲ್ ಪೈಪಿಗೆ ಅಂಟಿಕೊಂಡ್ರ ಕಾವು ಹಂಗ ದಾಟ್ಕೊಂಡು ಬರ್ತೈತಿ, ಮತ್ತ ಅಲ್ಯುಮಿನಿಯಂ ಕರಗೂದ 660 ಡಿಗ್ರಿಗೆ.

ನಂದು ಬಿಎಸ್-6 ಗಾಡಿ, ಎಲ್ಲಿ ಸುತ್ತಲಿ?

ಎಲ್ಲೂ ಬ್ಯಾಡ. ಬಿಎಸ್-6 ಹೊಗಿ ನಿಯಮದ ಪ್ರಕಾರ ಏಪ್ರಿಲ್ 2020ರ ಮ್ಯಾಲೆ ಬಂದ ಗಾಡ್ಯಾಗ ಬಹಳಷ್ಟಕ್ಕ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗಿಯೊಳಗಿನ ವಿಷ ಕಡಿಮಿ ಮಾಡೂ ಡಬ್ಬಿ) ಎಂಜಿನ್ನಿಗೆ ಅಂಟಿಕೊಂಡ ಇರ್ತೈತಿ, ಲಗೂನ ಕಾದು ಕೆಲಸ ಶುರು ಮಾಡ್ಲಿ ಅಂತ. ಕೆಲವು ಎಂಜಿನ್ನಾಗ ಮ್ಯಾನಿಫೋಲ್ಡ್ ಹೆಡ್ ಒಳಗ ಎರಕ ಹೊಯ್ದು ಬಿಟ್ಟಿರ್ತಾರ, ಸುತ್ತಾಕ ಪೈಪ ಇಲ್ಲ. ಕನ್ವರ್ಟರ್‌ಗೆ ಎಂದೂ ಪಟ್ಟಿ ಸುತ್ತಬಾರದು, ಅದು ತಾನ ಒಳಗ ಕಾವು ಹುಟ್ಟಿಸ್ತೈತಿ, ಮಿಸ್‌ಫೈರ್ ಆದ್ರ, ಅಂದ್ರ ಪೆಟ್ರೋಲ್ ಎಂಜಿನ್ನಾಗ ಸುಡದ ಹಂಗ ಬಂದ್ರ, 1000 ಡಿಗ್ರಿ ದಾಟಿ ಹೋಗಿ ಒಳಗಿನ ಜೇನುಗೂಡು ಕರಗಿ ಹಾದಿ ಮುಚ್ಚತೈತಿ. ಮ್ಯಾಲೆ ವಾರಂಟಿ ತಕರಾರು ಬ್ಯಾರೆ.

## ಕೈ ಹಚ್ಚೂಮುಂದ

ಎಷ್ಟು ಅಡಿ ತರಬೇಕ್ರಿ?

ಎರಡು ಇಂಚು ಅಗಲದ ಪಟ್ಟಿ, ಕಾಲು ಇಂಚು ಒಂದರ ಮ್ಯಾಲೆ ಒಂದು ಬರೂ ಹಂಗ ಸುತ್ತಿದ್ರ, ಒಂದೂವರೆ ಇಂಚು ಪೈಪಿನ ಪ್ರತಿ ಅಡಿಗೆ ಸುಮಾರು ಮೂರು ಅಡಿ ಪಟ್ಟಿ ಹೋಗ್ತೈತಿ. ಎರಡು ಇಂಚು ಪೈಪಿಗೆ ನಾಕು ಅಡಿ ಹಿಡೀರಿ. ನಾಕು ಸಿಲಿಂಡರಿನ ಹೆಡರ್ಸ್‌ಗೆ 50 ಅಡಿ ಅಂದ್ರ 15 ಮೀಟರಿನ ಒಂದು ರೋಲ್ ಸಾಕಾಗ್ತೈತಿ. ಬಾಗಿದ ಪೈಪ್ ಭಾಳ ಇದ್ರ ಒಂದು ಇಂಚಿನ ಪಟ್ಟಿ ಚಲೋ ಕುಂದರ್ತೈತಿ. ಜೋಡಿಗೆ ಸ್ಟೀಲ್ ಟೈ ತರ್ರಿ, ಪ್ಲಾಸ್ಟಿಕ್ ಟೈ ಅಲ್ಲ.

ಹ್ಯಾಂಗ ಸುತ್ತೂದು, ಬಿಡಿಸಿ ಹೇಳ್ರಿ

ಹೆಡರ್ಸ್ ಬಿಚ್ಚಿ ಹೊರಗ ತಗದ ಸುತ್ತಬೇಕು, ಗಾಡಿ ಮ್ಯಾಲೆ ಇದ್ದಂಗ ಸುತ್ತಾಕ ಹೋದ್ರ ಎಂಜಿನ್ ಕಡಿ ಮೈ ಬಿಟ್ಟೂಬಿಡತೈತಿ. ಬಿಚ್ಚೂಮುಂದ ಬೋಲ್ಟ್ ತುಕ್ಕ ಹಿಡದು ಮುರಿಯೂ ಭಯ ಇರ್ತೈತಿ, ಹಿಂದಿನ ರಾತ್ರಿನ ತುಕ್ಕಿನ ಎಣ್ಣಿ ಹೊಡದು ಬಿಡ್ರಿ. ಹೊಳ್ಳಿ ಹಾಕೂಮುಂದ ಹೊಸಾ ಪ್ಯಾಕಿಂಗ್ ಬೇಕು. ಪೈಪ್ ವಯರ್ ಬ್ರಶ್‌ನಿಂದ ತಿಕ್ಕಿ, ಎಣ್ಣಿ ಜಿಡ್ಡು ಪೂರಾ ತಗದು, ಬಿರುಕು ಐತೇನು ಬಿಸಲಾಗ ಹಿಡದು ನೋಡ್ರಿ. ಬಿರುಕು ಇದ್ರ ಮೊದಲು ವೆಲ್ಡಿಂಗ್, ಆಮ್ಯಾಲೆ ಪಟ್ಟಿ.

ಉದ್ದ ತೋಳಿನ ಅಂಗಿ, ಕೈಗವಸು, ಮೂಗಿಗೆ ಮಾಸ್ಕ್ ಹಾಕ್ಕೋರಿ, ಗಾಜಿನ ಎಳಿ ಚರ್ಮಕ್ಕ ಹೊಕ್ರ ಎರಡು ದಿನ ತುರಸ್ತೈತಿ. ನಿಂತ ಪೈಪ್ ಇದ್ರ ಕೆಳಗಿನಿಂದ ಶುರು ಮಾಡಿ ಮ್ಯಾಲಕ್ಕ ಹೋಗ್ರಿ, ಮನಿ ಮ್ಯಾಲಿನ ಮಂಗಳೂರು ಹಂಚಿನ ಹಂಗ ಮ್ಯಾಲಿನ ಸುತ್ತು ಕೆಳಗಿನ ಸುತ್ತಿನ ಮ್ಯಾಲೆ ಕುಂತ್ರ ನೀರ ಒಳಗ ಇಳಿಯೂದಿಲ್ಲ. ಮೊದಲ ಸುತ್ತು ಪೂರಾ ಅದರ ಮ್ಯಾಲೇ ಸುತ್ತಿ ಟೈ ಹಾಕ್ರಿ, ಆಮ್ಯಾಲೆ ಒಂದು ಕೈಲೆ ಪೈಪ್ ತಿರುವಿ ಇನ್ನೊಂದು ಕೈಲೆ ಪಟ್ಟಿ ಬಿಗಿ ಹಿಡದು ಎಳೀರಿ, ಹೆಂಡತಿನೋ ತಮ್ಮನೋ ರೋಲ್ ಹಿಡದು ನಿಂತ್ರ ಅರ್ಧ ಕೆಲಸ ಹಗುರ. ಬಾಗಿದಲ್ಲೆ ಹೊರಗಿನ ಮೈ ಕಾಣಿಸದಂಗ ನೋಡ್ಕೋರಿ. ಒಂದ ಪದರ ಸಾಕು. ಆಕ್ಸಿಜನ್ ಸೆನ್ಸರ್ ಕುಂದ್ರೂ ಜಾಗಾ, ಜೋಡಣಿ ಫ್ಲಾಂಜು, ಬೋಲ್ಟ್ ತಲಿ, ಇವನ್ನೆಲ್ಲಾ ತೆರದ ಬಿಡಬೇಕು. ಕಡೀಕ ಪಕ್ಕಡ್‌ನಿಂದ ಟೈ ಬಿಗದು, ಉಳದ ಚೂಪು ತುದಿ ಒಳಗ ಮಡಚ್ರಿ, ಮುಂದ ಪ್ಲಗ್ ಬಿಚ್ಚೂಮುಂದ ಕೈ ಕೊಯ್ಯಬಾರದು.

ನೀರಾಗ ನೆನಸಿ ಸುತ್ತಬೇಕಂತಾರ, ಬ್ಯಾಡಂತಾರ, ಯಾರ ಮಾತು ಕೇಳಲಿ?

ಪ್ಯಾಕೆಟ್ ಮಾತು ಕೇಳ್ರಿ. ಒಂದೊಂದು ತಯಾರಕರು ಒಂದೊಂದು ಹೇಳ್ತಾರ. ನೆನಸಿದ್ರ ಎಳಿ ಹಾರೂದು ಕಡಿಮಿ, ಬಿಗಿ ಹೆಚ್ಚು. ನೆನಸಿ ಸುತ್ತಿದ್ರ ಗಾಡಿ ಚಾಲೂ ಮಾಡೂಕಿಂತ ಮೊದಲು ಬಿಸಲಾಗ ಒಣಗಿಸ್ರಿ.

ಸುತ್ತಿಸಿ ಚಾಲೂ ಮಾಡಿದ್ರ ಹೊಗಿ ಬರಾಕತ್ತೈತಿ, ಜೀವ ಹಾರೈತಿ ಅಣ್ಣಾ

ಮೊದಲ ಒಂದೆರಡು ಸಲ ಹೊಗಿ ಬರೂದು ಬರೋಬ್ಬರಿ ಐತಿ, ಎಳಿಗೆ ಹಚ್ಚಿದ ಅಂಟು ಸುಡ್ತಿರ್ತೈತಿ. ಅಂಗಳದಾಗ, ಗಾಳಿ ಆಡೂ ಜಾಗಾದಾಗ ಗಾಡಿ ಅರ್ಧ ತಾಸು ಓಡಿಸಿ ಆರಸ್ರಿ, ಎರಡ್ಮೂರು ಸಲಕ್ಕ ನಿಲ್ತೈತಿ.

ಅದರ ಮ್ಯಾಲೂ ಹೊಗಿ ಬಂದ್ರ ಗಾಡಿ ನಿಲ್ಲಸ್ರಿ. ನಂದು ಮೊದಲನೇ ಪಟ್ಟಿ ಹಿಂಗ ಹೋತು. ಎಂಜಿನ್ ಮ್ಯಾಲಿನ ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗ್ ಸಣ್ಣಗ ಜಿನಗತಿತ್ತು, ಹನಿ ಹನಿ ಎಂಜಿನ್ ಆಯಿಲ್ ಕೆಳಗ ಇಳದು ಪಟ್ಟಿ ಕುಡದಿತ್ತು, ಬರೀ ಪೈಪ್ ಇದ್ದಾಗ ಆ ಹನಿ ಚುಂಯ್ ಅಂತ ಸುಟ್ಟು ಹೋಗ್ತಿತ್ತು, ಪಟ್ಟಿ ಇದ್ದಾಗ ದೀಪದ ಬತ್ತಿ ಹಂಗ ಹೀರಿ ಇಟ್ಕೊಂತು. ಉಣಕಲ್ ಹತ್ತಿರ ಸಿಗ್ನಲ್‌ದಾಗ ನಿಂತಾಗ ಬಾನೆಟ್ ಅಂಚಿನಿಂದ ನೀಲಿ ಹೊಗಿ. ಬಾಜೂದ ಆಟೋದವರು ಕೂಗಿ ಹೇಳಿದ್ರು, ಬಂದ್ ಮಾಡಿ ಕೆಳಗ ಇಳದೆ, ಬೆಂಕಿ ಹತ್ತಲಿಲ್ಲ, ಅದು ದೇವರ ದಯಾ. ಅವತ್ತ ಸಂಜೀಕ ಪಟ್ಟಿ ಬಿಚ್ಚಿ ಒಗದೆ, ಪ್ಯಾಕಿಂಗ್ ಬದಲಿಸಿ ಒಂದು ತಿಂಗಳು ಬರೀ ಪೈಪಿನ ಮ್ಯಾಲೆ ಓಡಿಸಿ, ಹನಿ ಬೀಳೂದಿಲ್ಲ ಅಂತ ಖಾತ್ರಿ ಆದ ಮ್ಯಾಲೆ ಹೊಳ್ಳಿ ಸುತ್ತಿದೆ. ಆಯಿಲ್ ಸೋರೂ ಎಂಜಿನ್ನಿಗೆ ಪಟ್ಟಿ ಬ್ಯಾಡ, ಎಷ್ಟ ಸಣ್ಣ ಸೋರಿಕಿ ಇದ್ರೂ. ಮತ್ತ ಪಟ್ಟಿ ಇದ್ದವರು ಗಾಡ್ಯಾಗ ಒಂದು ಡ್ರೈ ಪೌಡರ್ ಸಿಲಿಂಡರ್ ಇಡ್ರಿ.

## ಇನ್ನೂ ಒಳಗಿನ ಮಾತು

ಪೈಪ್ ಒಡೀತೈತಿ, ತುಕ್ಕ ಹಿಡೀತೈತಿ ಅಂತ ಮಿಸ್ತ್ರಿ ಹೆದರಸ್ತಾನ, ಖರೇ ಏನು?

ಖರೆ. ಹೊರಗ ಹೋಗೂ ಕಾವು ತಡದ್ರ ಪೈಪಿನ ಲೋಹ ಗ್ಯಾಸಿನ ಕಾವಿನ ಹತ್ತಿರಕ್ಕ ಏರ್ತೈತಿ, ಪಟ್ಟಿ ಹೊರಗ ತಣ್ಣಗಾದಷ್ಟು ಒಳಗಿನ ಲೋಹ ಬಿಸಿ. ಸಾದಾ ಸ್ಟೀಲ್ 550 ಡಿಗ್ರಿ ಸುಮಾರು ದಾಟಿತಂದ್ರ ಜೋರಾಗಿ ಪದರ ಪದರ ಎದ್ದು ಉದರಾಕ ಶುರು. ಅದರ ಮ್ಯಾಲೆ ಧಾರವಾಡದ ಮಳಿ ಜಿಟಿಜಿಟಿ ಹಿಡದು ಗಾಡಿ ವಾರಗಟ್ಟಲೆ ನಿಂತ್ರ ಪಟ್ಟಿ ಹಸೀ ಗೋಣಿಚೀಲದ ಹಂಗ ನೀರ ಹಿಡ್ಕೊಂಡು ಕುಂದರ್ತೈತಿ. ದಿನಾ ಓಡೂ ಗಾಡ್ಯಾಗ ಕಾವಿಗೆ ಒಣಗ್ತೈತಿ, ನಿಂತ ಗಾಡಿಗೇ ಹೆಚ್ಚು ಹಾನಿ.

ಹಿಗ್ಗೂದು ಇನ್ನೊಂದು ಮಾತು. ಅರ್ಧ ಮೀಟರ್ ಉದ್ದದ ಸಾದಾ ಸ್ಟೀಲ್ ಪೈಪ್ 600 ಡಿಗ್ರಿ ಏರಿದ್ರ ಸುಮಾರು ನಾಕು ಮಿಲಿಮೀಟರ್ ಹಿಗ್ಗತೈತಿ, 304 ಸ್ಟೇನ್‌ಲೆಸ್ ಐದು ಮಿಲಿಮೀಟರ್. ನಾಕು ಪೈಪ್ ಒಂದೊಂದು ಅಳತಿಗೆ ಹಿಗ್ಗಿದ್ರ ಎಳದಾಟ ಬೀಳೂದು ವೆಲ್ಡಿಂಗ್ ಮ್ಯಾಲೆ. ಸ್ಟೇನ್‌ಲೆಸ್ ಕಾವು ಚಲೋ ತಡೀತೈತಿ, ಆದ್ರ ವೆಲ್ಡಿಂಗ್ ಮಾಡಿದವರ ಕೈ ಗಟ್ಟಿ ಇರಬೇಕು. ಬೀಡಿನ ಮ್ಯಾನಿಫೋಲ್ಡ್‌ಗೆ ಸುತ್ತಾಕ ಹೋಗಬ್ಯಾಡ್ರಿ, ಅದಕ್ಕ ತಗಡ ಸರಿ. ವರ್ಷಕ್ಕೊಮ್ಮಿ, ಮಳಿಗಾಲ ಮುಗದ ಮ್ಯಾಲೆ, ಫ್ಲಾಂಜಿನ ಹತ್ತಿರ ಎರಡು ಸುತ್ತು ಬಿಚ್ಚಿ ಉಗುರಿನಿಂದ ಕೆರದು ನೋಡ್ರಿ.

ಪವರ್ ಎಷ್ಟು ಹೆಚ್ಚಾಗ್ತೈತಿ? ಮೈಲೇಜ್?

ಎಂಜಿನ್ ಎಳಿಯೂ ಗಾಳಿ 60 ಡಿಗ್ರಿ ಇದ್ದದ್ದು 40ಕ್ಕ ಇಳದ್ರ ಗಾಳಿ ಸುಮಾರು 6 ಪರ್ಸೆಂಟ್ ದಟ್ಟ ಆಗ್ತೈತಿ, ಆ ಲೆಕ್ಕದಾಗ ಪವರ್ ಬರ್ತೈತಿ. ಆದ್ರ ನಿಮ್ಮ ಗಾಡಿ ಮುಂದಿನ ಗ್ರಿಲ್‌ನಿಂದ ತಂಪು ಗಾಳಿ ಎಳಿಯಾಕತ್ತಿದ್ರ ಆ ಲಾಭ ಮೊದಲ ಸಿಕ್ಕೈತಿ. ಗಾಳಿ ಎಳಿಯೂ ಪ್ಲಾಸ್ಟಿಕ್ ಸೊಂಡಿಲು ಮುರದು ಬಿದ್ದಿದ್ರ ಪಟ್ಟಿಗಿಂತ ಮೊದಲು ಅದನ್ನ ಹಾಕ್ರಿ. ಗ್ಯಾಸ್ ಬಿಸಿ ಇದ್ದಷ್ಟು ಜೋರಾಗಿ ಹೊರಗ ಓಡ್ತೈತಿ ಅನ್ನೂದು ರೇಸಿನವರಿಗೆ ಲೆಕ್ಕಕ್ಕ ಬರ್ತೈತಿ, ಹುಬ್ಬಳ್ಳಿ-ಧಾರವಾಡ ರಸ್ತಾದಾಗ ನಿಮ್ಮ ಕಾಲಿಗೆ ಗೊತ್ತಾಗೂದಿಲ್ಲ. ಮೈಲೇಜ್ ಸಲುವಾಗಿ ಮಾಡಸಬ್ಯಾಡ್ರಿ.

ಡೀಸೆಲ್ ಟರ್ಬೊ ಗಾಡಿಗೆ?

ಇಲ್ಲೆ ಖರೇ ಉಪಯೋಗ ಐತಿ. ಟರ್ಬೊ ಅಂದ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೂ ಫ್ಯಾನು, ಅದು ತಿರುಗೂದು ಗ್ಯಾಸಿನ ಕಾವು-ಒತ್ತಡದ ಶಕ್ತಿಯಿಂದ, ಟರ್ಬೊಕ್ಕಿಂತ ಮುಂಚೆ ಆ ಕಾವು ಕಳಕೊಳ್ಳದಿದ್ರ ಅದು ಲಗೂನ ಏಳ್ತೈತಿ. ಬಿಸಿ ಕಡೀ ಅಂದ್ರ ಟರ್ಬೈನ್ ಮನಿಗೆ ಅದರ ಅಳತಿದ ಟರ್ಬೊ ಬ್ಲ್ಯಾಂಕೆಟ್ ಸಿಗ್ತೈತಿ, ಅದನ್ನ ಹಾಕ್ರಿ, ನಡುಕಿನ ಬೇರಿಂಗ್ ಭಾಗ ಮುಚ್ಚಬ್ಯಾಡ್ರಿ. ಬ್ಲ್ಯಾಂಕೆಟ್ ಹಾಕಿದ ಮ್ಯಾಲೆ ಟರ್ಬೊ ಆರಾಕ ಹೆಚ್ಚು ಹೊತ್ತು ಬೇಕು, ಘಾಟ್ ಏರಿ ಬಂದ ಕೂಡ್ಲೆ ಬಂದ್ ಮಾಡಬ್ಯಾಡ್ರಿ, ಒಂದೆರಡು ನಿಮಿಷ ಚಾಲೂ ಬಿಡ್ರಿ, ಇಲ್ಲಾಂದ್ರ ಬೇರಿಂಗಿನ ಆಯಿಲ್ ಸುಟ್ಟು ಇದ್ದಲಿ ಆಗ್ತೈತಿ. ಬಿಎಸ್-6 ಡೀಸೆಲ್‌ದ ಹೊಗಿ ಫಿಲ್ಟರ್ ತಾನ 600 ಡಿಗ್ರಿ ಸುಮಾರು ಕಾದು ಮಸಿ ಸುಟ್ಕೋತೈತಿ, ಅದಕ್ಕ ಕೈ ಹಚ್ಚಬ್ಯಾಡ್ರಿ.

ಸುಗ್ಗ್ಯಾಗ ರಸ್ತಾ ಮ್ಯಾಲೆ ಹುರಳಿ, ತೊಗರಿ ಹಾಕಿರ್ತಾರ, ಪಟ್ಟಿ ಸುತ್ತಿದ ಗಾಡಿ ಅದರ ಮ್ಯಾಲೆ ಹಾಯಿಸಿದ್ರ?

ಇದನ್ನ ಕೇಳಿದವರು ಗದಗ ಕಡೇದವರು, ಮತ್ತ ಇದು ಭಾಳ ಮುಖ್ಯ. ಒಣಗಿದ ಹೊಟ್ಟು ಗಾಡಿ ಕೆಳಗ ಸುತ್ಕೊಂಡು ಬಿಸಿ ಪೈಪಿಗೆ ತಾಗಿ ಕಾರ್ ಸುಟ್ಟ ಸುದ್ದಿ ನಮ್ಮ ಕಡೆ ಪ್ರತಿ ಸುಗ್ಗ್ಯಾಗ ಕೇಳ್ತೀವಿ. ಪಟ್ಟಿ ಮುಂದಿನ ಪೈಪಿನ ಕಾವನ್ನ ಇಲ್ಲದಂಗ ಮಾಡೂದಿಲ್ಲ, ಹಿಂದಕ್ಕ ಕಳಸ್ತೈತಿ, ಹಂಗಾಗಿ ಪಟ್ಟಿ ಮುಗದ ಮುಂದಿನ ಭಾಗ ಮೊದಲಿಗಿಂತ ಬಿಸಿ. ಒರಟು ಪಟ್ಟಿಗೆ ಕಡ್ಡಿನೂ ಲಗೂನ ಸಿಗಬೀಳ್ತಾವ. ಬಾಜೂಲೆ ಹೋಗ್ರಿ, ಹಾದಿ ಇಲ್ಲಂದ್ರ ದಾಟಿದ ಕೂಡ್ಲೆ ಬರೀ ನೆಲದ ಮ್ಯಾಲೆ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಎಳದು ತಗೀರಿ.

ಕೆಲಸ ಆತೋ ಇಲ್ಲೋ ಹ್ಯಾಂಗ ಅಳೀಬೇಕು?

ಪಟ್ಟಿ ಸುತ್ತೂಕಿಂತ ಮೊದಲ ಅಳೀರಿ, ಇಲ್ಲಾಂದ್ರ ಹೋಲಿಕಿ ಇರೂದಿಲ್ಲ. ಕಾವು ಅಳಿಯೂ ಕೆ-ಟೈಪ್ ವಯರ್ ಇರೂ ಮಲ್ಟಿಮೀಟರ್ ತಗೊಂಡು, ವಯರಿನ ತುದಿ ಏರ್ ಫಿಲ್ಟರ್ ಬಾಯಿಗೆ ಕಟ್ರಿ. ಒಂದ ರಸ್ತಾ, ಒಂದ ಹೊತ್ತು, ಉಣಕಲ್‌ದಿಂದ ನವನಗರ ಹೋಗಿ ಬಂದು ನೋಡ್ರಿ, ಆಮ್ಯಾಲೆ ಬಂದ್ ಮಾಡಿ ಬಾನೆಟ್ ಮುಚ್ಚಿದಂಗ ಹತ್ತು ನಿಮಿಷ ಬಿಟ್ಟು ಹೊಳ್ಳಿ ನೋಡ್ರಿ, ಫರಕ ಕಾಣಿಸೂದು ಆ ಎರಡನೇ ನಂಬರಿನ್ಯಾಗ. ದೂರಿಂದ ಕಾವು ಅಳಿಯೂ ಲೇಸರ್ ಗನ್ ಹೊಳೆಯೂ ತಗಡಿನ ಮ್ಯಾಲೆ ಸುಳ್ಳು ಹೇಳ್ತೈತಿ, ಕಡಿಮಿ ತೋರಿಸ್ತೈತಿ. ಹೊಸಾ ಗಾಡ್ಯಾಗ ಓಬಿಡಿ ಅಡಾಪ್ಟರ್ (ಗಾಡಿ ಕಂಪ್ಯೂಟರಿನ ಸಾಕೆಟ್ಟಿಗೆ ಚುಚ್ಚೂದು) ಹಾಕಿ ಫೋನಿನ್ಯಾಗ ಇಂಟೇಕ್ ಟೆಂಪರೇಚರ್, ಅಂದ್ರ ಎಂಜಿನ್ ಎಳಿಯೂ ಗಾಳಿಯ ಕಾವು ನೋಡಬಹುದು.

ಆರ್‌ಟಿಓದವರು ಹಿಡೀತಾರೇನು?

ಪಟ್ಟಿ ಅಥವಾ ಶೀಲ್ಡಿನಿಂದ ಸಪ್ಪಳ, ಹೊಗಿ ಬದಲಿ ಆಗೂದಿಲ್ಲ. ತ್ರಾಸ ಹೆಡರ್ಸ್‌ದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಕಂಪನಿ ಮಾಡಿಕೊಟ್ಟಿದ್ದನ್ನ ಮನಸ್ಸಿಗೆ ಬಂದಂಗ ಬದಲಿಸಾಕ ಬಿಡೂದಿಲ್ಲ. ಹೆಡರ್ಸ್ ಸಲುವಾಗಿ ಕನ್ವರ್ಟರ್ ತಗಸಿದ್ರ ಪಿಯುಸಿಯೊಳಗೂ ಸಿಗಬೀಳ್ತೀರಿ, ಜನರ ಉಸರಿಗೂ ವಿಷ. ಇನ್ಶೂರೆನ್ಸ್‌ದವರಿಗೆ ಬದಲಾವಣಿ ಬರವಣಿಗಿಯೊಳಗ ತಿಳಿಸಿ ಇಡ್ರಿ.

ಪಟ್ಟಿ ಎಷ್ಟು ದಿನ ಬಾಳ್ತೈತಿ, ಹಳೇದು ಬಿಚ್ಚೂದು ಹ್ಯಾಂಗ?

ಇಷ್ಟ ವರ್ಷ ಅಂತ ಇಲ್ಲ. ಬಣ್ಣ ಹೋಗೂದು ದೊಡ್ಡ ಮಾತಲ್ಲ. ಬೆರಳಿನಿಂದ ಒತ್ತಿದ್ರ ಪುಡಿ ಉದರಾಕತ್ತಿದ್ರ, ಅಂಚು ಕಿತ್ತು ಜೋತಾಡಾಕತ್ತಿದ್ರ, ಆಯಿಲ್ ಇಲ್ಲಾ ಕೂಲೆಂಟ್ ಬಿದ್ದಿದ್ರ ಬದಲಿಸ್ರಿ. ಬಿಚ್ಚಿದ ಹಳೇ ಪಟ್ಟಿ ಹೊಳ್ಳಿ ಸುತ್ತಾಕ ಬರೂದಿಲ್ಲ, ಕಾದ ಎಳಿ ಬಿರುಸಾಗಿರ್ತೈತಿ. ಪೈಪ್ ಪೂರಾ ಆರಿದ ಮ್ಯಾಲೆ ಪಟ್ಟಿ ಮ್ಯಾಲೆ ನೀರ ಚುಮುಕಿಸಿ ಹಸಿ ಮಾಡ್ಕೋರಿ, ಎಳಿ ಹಾರೂದಿಲ್ಲ, ಮಾಸ್ಕ್ ಹಾಕಿ ಕತ್ತರಿಯಿಂದ ಉದ್ದಕ್ಕ ಸೀಳಿ ತಗದು ಗಟ್ಟಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಹಾಕ್ರಿ. ಹಾಕ್ಕೊಂಡ ಅಂಗಿ ಮನಿಯವರ ಅರಬಿ ಜೋಡಿ ಒಗ್ಯಾಕ ಹಾಕಬ್ಯಾಡ್ರಿ, ಬ್ಯಾರೆನ ಒಗೀರಿ, ಮಕ್ಕಳು ಆಡೂ ಅಂಗಳದಾಗ ಈ ಕೆಲಸ ಹಚ್ಚಬ್ಯಾಡ್ರಿ.